ಎಡಗನ್ನಡಿಯೂ ಎರಡು ನಿಂಬೆಹಣ್ಣೂ

ಚೈನಾದ ಅಗ್ಗದ ಮೋಟರ್‌ಬೈಕನ್ನು ಯೂರೋಪಿನವರಿಗೆ ಮಾರೋ ಕೆಲಸಕ್ಕೆ ಸೇರಿದ ಮೇಲೆ ವಾರಕ್ಕೊಂದಾದರೂ ಫಜೀತಿ ಆಗದೇ ಇದ್ದರೆ ನನಗೇ ಅನುಮಾನ ಬರುತ್ತೆ, ಇವತ್ತು ಆಫೀಸಿಗೆ ರಜಾನಾ ಅಂತ. ಬೈಕು ತಯಾರಾಗೋದು ಚೈನಾದಲ್ಲಿ, ಓಡೋದು ಇಟಲಿ, ಸ್ಪೇನು, ಜರ್ಮನಿಯಲ್ಲಿ. ಮಧ್ಯದಲ್ಲಿ ಮಂಡ್ಯದ ಕಡೆಯ ನಾನು ಮಾರ್ಗನ್ ಹಿಲ್‌ನಿಂದ ಎದ್ದು ಬಿದ್ದು ರೆಡ್‌ವುಡ್ ಸಿಟಿಗೆ ಕಾರು ಓಡಿಸೋದು ಯಾಕೆ ಅಂತೀರಾ? ನಾನೂ ಕೇಳಿದ್ದೆ. "ವಿಸಿಟಿಂಗ್ ಕಾರ್ಡಿನಲ್ಲಿ ಕ್ಯಾಲಿಫೋರ್ನಿಯಾ ಅಡ್ರೆಸ್ಸು ಇದ್ದರೆ ಯೂರೋಪಿನವರು ಸ್ವಲ್ಪ ನಂಬ್ತಾರೆ," ಅಂದರು ನಮ್ಮ ಮ್ಯಾನೇಜರ್ ಮೇಡಂ. ಅವರು ಚೈನಾದಿಂದ ಬಂದವರು, ಸುಳ್ಳು ಹೇಳೋಕೆ ಬರಲ್ಲ.

ಆಫೀಸು ಅಂದರೆ ಮೂರು ಕುರ್ಚಿ, ಒಂದು ಕಾಫಿ ಮಷೀನು, ಬಾಗಿಲ ಹತ್ತಿರ ಶೋಗೆ ನಿಲ್ಲಿಸಿದ ಒಂದು ಕೆಂಪು ಬೈಕು. ಒಂದು ಕುರ್ಚಿ ಮೇಡಂದು. ಇನ್ನೊಂದು ಸ್ಪೇರ್ ಪಾರ್ಟ್ಸ್ ನೋಡಿಕೊಳ್ಳೋ ಹುಬ್ಬಳ್ಳಿಯವರದು. ಮೂರನೇದು ಗಿರಾಕಿಗಳ ದೂರು ಕೇಳೋ ನನ್ನದು. ದೊಡ್ಡ ಸಾಫ್ಟ್‌ವೇರ್ ಕಂಪನಿಯವರು ನನ್ನನ್ನು ಮನೆಗೆ ಕಳಿಸಿದ ಮೇಲೆ ಎಂಟು ತಿಂಗಳು ಅಲೆದು ಸಿಕ್ಕಿದ ಕುರ್ಚಿ ಅದು. ಐವತ್ತೆರಡರ ಮೇಲೆ ಇನ್ನೊಂದು ಇಂಟರ್‌ವ್ಯೂ ಕೊಡೋ ಶಕ್ತಿ ನನಗಂತೂ ಇರಲಿಲ್ಲ.

ಚೈನಾ ಮಾಲು

ಕೆಲಸ ಸಿಕ್ಕಿದ ಖುಷಿಗೆ ಮನೇಲಿ ನಾಲ್ಕು ಜನರನ್ನ ಊಟಕ್ಕೆ ಕರೆದಿದ್ದೆ. ಎದುರು ಮನೆಯ ಹಾಸನದವರು ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ, "ಯಾವ ಕಂಪನಿ ಗುರೂ?" ಅಂದರು. ಹೇಳಿದೆ. ಸೌಟು ಅಲ್ಲೇ ನಿಂತುಬಿಡ್ತು.

"ಚೈನಾ ಬೈಕಾ? ಅಯ್ಯೋ, ಚೈನಾ ಮಾಲನ್ನ ಯಾರು ನಂಬ್ತಾರೆ? ನಮ್ಮನೇಲಿ ನಾವು ಒಂದು ಸಾಮಾನೂ ಮುಟ್ಟಲ್ಲಪ್ಪ."

ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಕನ್ನಡ ಪೂರ್ತಿ ಅರ್ಥ ಮಾಡಿಕೊಳ್ತಾಳೆ, ಬಾಯಿ ಮಾತ್ರ ಇಂಗ್ಲಿಷು. ಸುಮ್ಮನೆ ಎದ್ದು ಹೋಗಿ ಅವರ ಫೋನು, ಅವರು ಬಿಟ್ಟಿದ್ದ ಶೂ, ಅವರ ಮಗುವಿನ ಸ್ಟ್ರೋಲರು, ಕೊನೆಗೆ ಅವರ ಕೈಯಲ್ಲಿದ್ದ ಸೌಟು, ಎಲ್ಲದರ ಹಿಂದೆ ಬರೆದಿದ್ದನ್ನ ಜೋರಾಗಿ ಓದಿದಳು. ಅವರು ಸೌಟನ್ನ ಮೆಲ್ಲಗೆ ಕೆಳಗಿಟ್ಟು ನನ್ನ ಹೆಂಡತಿ ಕಡೆ ತಿರುಗಿ, "ಅಕ್ಕಾ, ಬಾತ್ ಆದ್ರೂ ನಿಮ್ಮ ಕೈಯಿಂದಲೇ ಮಾಡಿದ್ದು ತಾನೇ?" ಅಂದರು.

ಆತ್ಮ ಇಲ್ಲದ ಬೈಕು

ಯೂರೋಪಿನವರ ಕಷ್ಟ ಬೇರೆ ಥರದ್ದು. ಅಲ್ಲಿ ಯಾವ ಪತ್ರಿಕೆಯವರು ನಮ್ಮ ಬೈಕು ಓಡಿಸಿ ನೋಡಿದರೂ ಕೊನೇಲಿ ಒಂದೇ ಮಾತು ಬರೀತಾರೆ: "ಈ ಬೆಲೆಗೆ ಪರವಾಗಿಲ್ಲ." ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ಚೆನ್ನಾಗಿತ್ತು ಅಂತ ಹೇಳಿ ಹೋದ ಹಾಗೆ. "ಈ ಬೆಲೆಗೆ" ಅನ್ನೋದೊಂದು ಕಿತ್ತುಹಾಕಿಸೋಕೆ ಮೇಡಂ ಇಡೀ ಬೇಸಿಗೆ ಒದ್ದಾಡಿದರು.

ಒಂದು ದಿನ ಜರ್ಮನಿಯ ಗಿರಾಕಿಯೊಬ್ಬ ಉದ್ದಕ್ಕೆ ದೂರು ಬರೆದಿದ್ದ. ಬೈಕು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಂತೆ. ಎಣ್ಣೆ ಸೋರಲ್ಲವಂತೆ. ದಾರೀಲಿ ಒಂದು ಸಲವೂ ಕೈ ಕೊಟ್ಟಿಲ್ಲವಂತೆ. ಅವನ ಹಳೆಯ ದುಬಾರಿ ಬೈಕಾದರೆ ಪ್ರತಿ ಭಾನುವಾರ ರಿಪೇರಿ ಕೇಳುತ್ತಿತ್ತು, ಬಿಚ್ಚಿ ಹಾಕಿಕೊಂಡು ಕೂರ್ತಿದ್ದನಂತೆ. "ನಿಮ್ಮ ಬೈಕಿಗೆ ಆತ್ಮವೇ ಇಲ್ಲ. ದಯವಿಟ್ಟು ಪರಿಹಾರ ತಿಳಿಸಿ," ಅಂತ ಮುಗಿಸಿದ್ದ.

ನಮ್ಮ ಸಿಸ್ಟಮ್ಮಿನಲ್ಲಿ ದೂರನ್ನ ಇಂಜಿನ್ನು, ವೈರಿಂಗು, ಪೇಂಟು, ಹೀಗೆ ಯಾವುದಾದರೂ ಒಂದು ಲೆಕ್ಕಕ್ಕೆ ಹಾಕಲೇಬೇಕು. ಇದನ್ನ ಎಲ್ಲಿಗೆ ಹಾಕೋದು ಅಂತ ಹುಬ್ಬಳ್ಳಿಯವರನ್ನ ಕೇಳಿದೆ. ಅವರು ಚಹಾ ಊದಿಕೊಳ್ಳುತ್ತಾ, "ಸ್ಪೇರ್ ಪಾರ್ಟ್ಸಿಗೇ ಹಾಕ್ರಿ ಗೌಡ್ರ. ಆತ್ಮ ಸದ್ಯ ಸ್ಟಾಕ್ ಇಲ್ಲ, ಬಂದ ಕೂಡ್ಲೇ ಕಳಿಸ್ತೀವಿ ಅಂತ ಬರದ್ ಬಿಡ್ರಿ," ಅಂದರು.

ಎಡಗನ್ನಡಿ

ಆತ್ಮದ ಮಾತು ಬಿಡಿ, ನಮ್ಮಲ್ಲಿ ಕನ್ನಡಿಯೇ ಸ್ಟಾಕ್ ಇರಲಿಲ್ಲ. ಅದೂ ಎಡಗಡೆಯದು.

ಬೈಕಿಗೆ ಸ್ಟ್ಯಾಂಡು ಇರೋದು ಎಡಕ್ಕೆ. ಸರಿಯಾಗಿ ಹಾಕದೇ ಇಳಿದರೆ ಬೈಕು ಬೀಳೋದೂ ಎಡಕ್ಕೇ. ಬಲಗನ್ನಡಿ ಒಡೆದವರನ್ನ ನಾನಿನ್ನೂ ಕಂಡಿಲ್ಲ. ಆದರೆ ಫ್ಯಾಕ್ಟರಿಯ ಗೋಡೌನಿನಲ್ಲಿ ಎರಡಕ್ಕೂ ಸೇರಿಸಿ ಒಂದೇ ನಂಬರು. ಎಡಗಡೆಯದು ಕಳಿಸಿ ಅಂತ ಬರೆದರೆ ಅವರು ಕೈಗೆ ಸಿಕ್ಕಿದ್ದು ಕಳಿಸ್ತಾರೆ, ಕೈಗೆ ಸಿಗೋದು ಯಾವಾಗಲೂ ಬಲಗಡೆಯದೇ.

ಇಟಲಿಯಲ್ಲಿ ನಮಗೊಬ್ಬ ಡೀಲರ್ ಇದ್ದರು. ಅರವತ್ತು ದಾಟಿದ ಮನುಷ್ಯ, ನಲವತ್ತು ವರ್ಷದಿಂದ ಬೈಕಿನ ಅಂಗಡಿ. ನಮ್ಮ ಬೈಕಿಗೆ ಅಂಗಡೀಲಿ ಜಾಗ ಕೊಟ್ಟ ಮೊದಲನೆಯವರು ಅವರೇ. ಅವರು ಕೈ ಬಿಟ್ಟರೆ ನಮ್ಮ ಮೂರು ಕುರ್ಚಿಯೂ ಎದ್ದವು ಅಂತ ಮೇಡಂ ಮೊದಲ ದಿನವೇ ಹೇಳಿದ್ದರು. ಒಂದು ಬೆಳಿಗ್ಗೆ ಅವರ ಫೋನು ಬಂತು.

"ನನ್ನ ಹತ್ತಿರ ಈಗ ಆರು ಬಲಗನ್ನಡಿ ಇವೆ," ಅಂದರು. ಕೂಗಾಡಿದ್ದರೆ ವಾಸಿ ಇತ್ತು, ತಣ್ಣಗೆ ಮಾತಾಡಿದರು. "ಒಬ್ಬ ಮೇಷ್ಟ್ರು ಎರಡು ತಿಂಗಳಿಂದ ಒಂದು ಎಡಗನ್ನಡಿಗೆ ಕಾಯ್ತಿದ್ದಾರೆ. ಇನ್ನೂ ಒಂದು ವಾರ ನೋಡ್ತೀನಿ."

ಫೋನಿಟ್ಟು ಹುಬ್ಬಳ್ಳಿಯವರಿಗೆ ಹೇಳಿದೆ. ಅವರು ಸ್ಪ್ಯಾನರ್ ತಗೊಂಡು ಬಾಗಿಲ ಹತ್ತಿರ ಹೋಗಿ ಶೋ ಬೈಕಿನ ಎಡಗನ್ನಡಿ ಬಿಚ್ಚಿದರು. ಇಬ್ಬರೂ ಕೂತು ಪ್ಯಾಕ್ ಮಾಡಿ ಕೊರಿಯರ್ ಮಾಡಿದೆವು.

ಮೇಡಂಗೆ ಏನು ಹೇಳೋದು ಅಂತ ಕೇಳಿದೆ. "ಕೇಳಿದಾಗ ಹೇಳೂನ್ರಿ," ಅಂದರು. "ಇಲ್ಲಿ ಬಂದು ಹಿಂದ್ಕ ನೋಡ್ಕೋತ ಗಾಡಿ ಹೊಡಿಯಾವ್ರು ಯಾರದಾರ?"

ಪೂಜೆ

ಬರೋವ್ರು ಬಂದೇಬಿಟ್ಟರು. ಡೀಲರ್ ಸಾಹೇಬರು ಮಗಳನ್ನ ನೋಡೋಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿದ್ದಾರೆ, ನಾಳೆ ನಮ್ಮ ಆಫೀಸಿಗೂ ಬರ್ತಾರೆ, ಕಾಂಟ್ರ್ಯಾಕ್ಟ್ ಮುಂದುವರಿಸೋದೋ ಬಿಡೋದೋ ಅಲ್ಲೇ ಹೇಳ್ತಾರೆ ಅಂತ ಮೇಡಂ ಹಿಂದಿನ ದಿನ ತಿಳಿಸಿದರು. ಬಾಗಿಲಲ್ಲಿ ಒಂಟಿಗನ್ನಡಿ ಬೈಕು ನಿಂತಿತ್ತು. ಅದಕ್ಕೆ ಅಂತ ಫ್ಯಾಕ್ಟರಿಯಿಂದ ತರಿಸಿದ್ದ ಹೊಸ ಕನ್ನಡಿಯೂ ಇತ್ತು. ಅದೂ ಬಲಗಡೆಯದೇ.

"ನಾಳೆ ಏನೈತಿ ಹೇಳ್ರಿ?" ಅಂದರು ಹುಬ್ಬಳ್ಳಿಯವರು. ಕ್ಯಾಲೆಂಡರು ನೋಡಿದೆ. ಆಯುಧ ಪೂಜೆ.

ಮಾರನೇ ದಿನ ಬೆಳಿಗ್ಗೆ ಇಂಡಿಯನ್ ಗ್ರೋಸರಿಯಲ್ಲಿದ್ದ ಚೆಂಡುಹೂವೆಲ್ಲ ನಮ್ಮ ಬೈಕಿನ ಮೇಲಿತ್ತು. ಎರಡು ಹ್ಯಾಂಡಲ್ಲಿಗೂ ದಪ್ಪ ದಪ್ಪ ಹಾರ, ಎಡಗಡೆಗೆ ಒಂದು ಜಾಸ್ತಿ. ಹೆಡ್‌ಲೈಟಿಗೆ ವಿಭೂತಿ, ಕುಂಕುಮ. ಚಕ್ರಗಳ ಕೆಳಗೆ ನನ್ನ ಹಿತ್ತಲಿನ ಎರಡು ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆಯೋದು ಮಾತ್ರ ಬೇಡ ಅಂತ ಹುಬ್ಬಳ್ಳಿಯವರಿಗೆ ಕೈ ಮುಗಿದೆ. ಪಾರ್ಕಿಂಗ್ ಲಾಟಿನಲ್ಲಿ ಕುಂಕುಮದ ನೀರು ಹರಿದರೆ ಪಕ್ಕದ ಆಫೀಸಿನವರು ಪೊಲೀಸಿಗೆ ಫೋನ್ ಮಾಡ್ತಾರೆ.

ಡೀಲರ್ ಬಂದರು. ಬೈಕಿನ ಸುತ್ತ ಎರಡು ಸುತ್ತು ಹಾಕಿದರು. "ಇದೇನು?"

"ನಮ್ಮ ಕಡೆ ವರ್ಷಕ್ಕೊಂದು ದಿನ ಎಲ್ಲ ಗಾಡಿಗೂ ಪೂಜೆ ಮಾಡ್ತೀವಿ ಸರ್. ಏನೂ ಆಗದಿರಲಿ ಅಂತ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸ್ತೀವಿ."

"ಚೈನಾ ಬೈಕಿಗೆ ಮಾತ್ರವಾ?"

"ಇಲ್ಲ ಸರ್. ಯೂರೋಪಿನ ದುಬಾರಿ ಕಾರಿಗೂ ಇದೇ. ಬಸ್ಸು, ಲಾರಿ, ಕಂಪ್ಯೂಟರು, ಎಲ್ಲಕ್ಕೂ."

"ಅಂದರೆ ನೀವು ಯಾವ ಬ್ರ್ಯಾಂಡನ್ನೂ ನಂಬಲ್ಲ."

ಹೌದು ಸರ್ ಅಂದೆ.

ಅವರಿಗೆ ನಗು ಬಂತು. "ನಾನೇ ಹತ್ತಿಸಬಹುದಾ?" ಅಂತ ಕೇಳಿ ಸೀಟಿನ ಮೇಲೆ ಕೂತೇಬಿಟ್ಟರು. ನಲವತ್ತು ವರ್ಷ ಬೈಕು ಮಾರಿದವರು ಸೀಟಿನ ಮೇಲೆ ಕೂತ ಕೂಡಲೇ ಮಾಡೋ ಮೊದಲ ಕೆಲಸ ಏನು? ಕನ್ನಡಿ ಸರಿ ಮಾಡಿಕೊಳ್ಳೋದು. ಬಲಗೈ ಬಲಗನ್ನಡಿಗೆ ಹೋಯಿತು. ಎಡಗೈ ಹಾರದೊಳಗೆ ಹೋಯಿತು. ಅಲ್ಲಿ ಹುಡುಕಿತು. ಇನ್ನೂ ಒಳಗೆ ಹೋಗಿ ಹುಡುಕಿತು. ಕೊನೆಗೆ ಒಂದು ಮುಷ್ಟಿ ಚೆಂಡುಹೂವಿನ ಜೊತೆ ಹೊರಗೆ ಬಂತು.

ಮೇಡಂ ನನ್ನನ್ನ ನೋಡಿದರು. ನಾನು ಹುಬ್ಬಳ್ಳಿಯವರನ್ನ ನೋಡಿದೆ. ಅವರು ಗಣಪತಿ ಫೋಟೋ ನೋಡ್ತಿದ್ದರು.

"ಎಡಗನ್ನಡಿ ಎಲ್ಲಿ?"

ಕುರ್ಚಿ ಹೋದರೆ ಹೋಗಲಿ ಅಂತ ಬಾಯಿಬಿಟ್ಟೆ. "ನಿಮ್ಮ ಮೇಷ್ಟ್ರ ಬೈಕಿನಲ್ಲಿದೆ ಸರ್. ಗೋಡೌನಿನಿಂದ ಬರೋ ಹಾಗೆ ಕಾಣಲಿಲ್ಲ, ಇದರದ್ದೇ ಬಿಚ್ಚಿ ಕಳಿಸಿದೆವು."

ಅವರು ಕೈಯಲ್ಲಿದ್ದ ಹೂವನ್ನ ಟ್ಯಾಂಕಿನ ಮೇಲಿಟ್ಟರು. ಆಮೇಲೆ, "ದೊಡ್ಡ ದೊಡ್ಡ ಕಂಪನಿಯವರ ಬೈಕು ಮಾರಿದ್ದೀನಿ. ಕೇಳಿದರೆ ಫಾರ್ಮ್ ಕಳಿಸೋರು. ಶೋರೂಮಿನ ಬೈಕಿನದ್ದು ಬಿಚ್ಚಿ ಯಾರೂ ಕಳಿಸಿರಲಿಲ್ಲ," ಅಂದರು. ಪಾದ ನೆಲಕ್ಕೊತ್ತಿ ಬೈಕು ಮುಂದೆ ತಳ್ಳಿದರು. ನಿಂಬೆಹಣ್ಣು ಪಚಕ್ಕೆಂದು ಮೇಡಂ ಬಿಳಿ ಶೂ ಮೇಲೆ ರಸ ಹಾರಿತು. ಅವತ್ತೇ ಇನ್ನೆರಡು ವರ್ಷಕ್ಕೆ ಸಹಿ ಹಾಕಿದರು. ನಾನು ಬಾತ್‌ರೂಮಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ, ಸುಳ್ಳು ಯಾಕೆ ಹೇಳಲಿ.

ಮೂರು ವಾರ ಬಿಟ್ಟು ಅವರ ವಿಡಿಯೋ ಕಾಲ್ ಬಂತು. ಅಂಗಡಿ ಮುಂದೆ ನಮ್ಮ ಹೊಸ ಬೈಕುಗಳು ಸಾಲಾಗಿ ನಿಂತಿದ್ದವು, ಒಂದೊಂದು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು. ಗಿರಾಕಿಗಳಿಗೆ ಭಾರಿ ಇಷ್ಟವಾಗಿದೆಯಂತೆ. ನನಗೆ ಹೆಮ್ಮೆಯಾಗಿ, "ಬೇಕಾದರೆ ಇಲ್ಲಿಂದಲೂ ನಿಂಬೆಹಣ್ಣು ಕಳಿಸ್ತೀವಿ ಸರ್," ಅಂದೆ.

"ಬೇಡ, ನಿಂಬೆಹಣ್ಣು ನಮ್ಮ ಹಿತ್ತಲಲ್ಲೇ ಬೇಕಾದಷ್ಟು ಬೆಳೆಯುತ್ತೆ," ಅಂದರು. "ಎಡಗನ್ನಡಿ ಬೆಳೆಯಲ್ಲ. ಅದನ್ನ ಯಾವಾಗ ಕಳಿಸ್ತೀರಿ?"