ಹಿಮ್ಮುಖವಾಗಿ ಮೆಟ್ಟಿಲು ಹತ್ತುವುದರ ಲಾಭ

ವಿಜ್ಞಾನ ಪುಟದ ಕೆಳತುದಿಯಲ್ಲಿ ಒಂದಿಷ್ಟು ಜಾಗ ಖಾಲಿ ಉಳಿದದ್ದೇ ಎಲ್ಲ ರಾದ್ಧಾಂತಕ್ಕೂ ಕಾರಣ. ಹಾಗೆ ಉಳಿದಾಗ, ಸರಿಯಾದ ಸುದ್ದಿ ಸಿಗುವ ತನಕ ಅಲ್ಲಿ 'ಅಆಇಈ ಅಆಇಈ' ಎಂದು ತುಂಬಿಸಿಡುವುದು ಆ ಪತ್ರಿಕಾ ಕಚೇರಿಯ ವಾಡಿಕೆ. ಪುಟ ನೋಡಿಕೊಳ್ಳುತ್ತಿದ್ದ ಉಪಸಂಪಾದಕನಿಗೆ ಅದು ಹಿಡಿಸುತ್ತಿರಲಿಲ್ಲ. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ ಎನ್ನುತ್ತಿದ್ದ. ಅಂದು ಸಂಜೆ ಅದರ ಬದಲು ತೋಚಿದ್ದನ್ನು ಬರೆದ: 'ಹಿಮ್ಮುಖವಾಗಿ ಮೆಟ್ಟಿಲು ಹತ್ತಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.' ಬಂದಮೇಲೆ ಬದಲಾಯಿಸಿದರಾಯಿತು ಎಂದು ಕಾಫಿಗೆ ಹೋದ. ಬರುವಷ್ಟರಲ್ಲಿ ಮರೆತೇಬಿಟ್ಟಿದ್ದ.

ಹಾಗೆ ನೋಡಿದರೆ ಇವನು ಸುಳ್ಳು ಸುದ್ದಿ ಬರೆಯುವವನಲ್ಲ. ಯಾರು ಯಾವ ಸುದ್ದಿ ತಂದರೂ "ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿದ್ರಂತೆ? ಪುರಾವೆ ಎಲ್ಲಿ?" ಎಂದು ಕೇಳಿ ಕೇಳಿ ವಠಾರದಲ್ಲಿ ಸಂಶಯಪ್ಪ ಎಂಬ ಹೆಸರು ಸಂಪಾದಿಸಿದ್ದ. ವಿಚಿತ್ರ ಸುದ್ದಿಗಳ ಬಣ್ಣ ಬಯಲು ಮಾಡುವ ವಾರದ ಅಂಕಣವೊಂದನ್ನು ತನಗೆ ಕೊಡಿ ಎಂದು ಸಂಪಾದಕಿಯ ಬೆನ್ನು ಬಿದ್ದು ವರ್ಷಗಳೇ ಆಗಿದ್ದವು. ಅಂಕಣಕ್ಕೆ 'ಪುರಾವೆ ಎಲ್ಲಿ?' ಎಂದು ಹೆಸರೂ ಇಟ್ಟಿದ್ದ. ಮರುದಿನ ಬಂದು ಕಾಣಿ, ತೀರ್ಮಾನ ಹೇಳುತ್ತೇನೆ ಎಂದಿದ್ದರು ಸಂಪಾದಕಿ.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲು ತೆರೆದರೆ, ಮೆಟ್ಟಿಲ ಕಡೆಯಿಂದ ಮೇಲ್ಮನೆಯ ದರ್ಜಿಯ ಬೆನ್ನು ಅವನತ್ತಲೇ ಬರುತ್ತಿತ್ತು. ಕೈತುಂಬ ಬಟ್ಟೆಯ ಗಂಟು.

"ಸ್ವಲ್ಪ ದಾರಿ ಬಿಡಿ ಸಂಶಯಪ್ಪನವ್ರೆ. ನನಗೆ ಹಿಂದೆ ಕಣ್ಣಿಲ್ಲ."

ದರ್ಜಿಯ ಕೆಳಗಿನ ಮೆಟ್ಟಿಲಲ್ಲಿ ಸಂಶಯಪ್ಪನ ಅತ್ತೆ, ಕಂಬಿ ಹಿಡಿದು, ದಡಕ್ಕೆ ಕಟ್ಟಿದ ದೋಣಿಯ ಹಾಗೆ ತೂಗಾಡುತ್ತ ಹಿಮ್ಮುಖವಾಗಿ ಏರುತ್ತಿದ್ದರು. ಕೆಳಗೆ ನಿಂತ ಹೆಂಡತಿ ಪತ್ರಿಕೆ ಹಿಡಿದು ನಿರ್ದೇಶನ ಕೊಡುತ್ತಿದ್ದಳು.

"ಅತ್ತೆ, ಏನಿದು?"

"ನಿಮ್ಮ ಪೇಪರ್‌ನಲ್ಲೇ ಬಂದಿದೆಯಲ್ಲ. ಒಂದು ಸಲ ಹತ್ತಿದ್ದಕ್ಕೇ ಕನ್ನಡಕ ಎಲ್ಲಿದೆ ಅಂತ ಹೊಳೀತು ನೋಡಿ."

"ಅದು ನಿಮ್ಮ ಹಣೆ ಮೇಲೇ ಇದೆ."

"ಹೂಂ, ಅದೇ ಹೊಳೆದಿದ್ದು."

ಸಂಶಯಪ್ಪನಿಗೆ ನಿನ್ನೆಯ ಖಾಲಿ ಜಾಗ ನೆನಪಾಯಿತು. "ಅದು ಸುಳ್ಳು, ಅತ್ತೆ. ನಾನೇ ಬರೆದದ್ದು. ಜಾಗ ತುಂಬ್ಸೋಕೆ."

ದರ್ಜಿ ನಕ್ಕ. "ಬೇರೆಯವರ ಪೇಪರ್ ಆಯ್ತು, ಈಗ ಸ್ವಂತ ಪೇಪರ್ ಮೇಲೂ ಅನುಮಾನ ಶುರುವಾಯ್ತಾ?"

"ಇಷ್ಟು ಒಳ್ಳೇ ವಿಷಯ ನಿಮಗೆ ಹೊಳೀತು ಅಂದ್ರೆ ಯಾರು ನಂಬ್ತಾರ್ರೀ?" ಎಂದಳು ಹೆಂಡತಿ.

"ಅಲ್ವೇ ಮತ್ತೆ," ಎಂದರು ಅತ್ತೆ. "ನೀವೇ ಬರೆದ್ರಿ ಅನ್ನೋದಕ್ಕೆ ಪುರಾವೆ ಎಲ್ಲಿ, ಅಳಿಯಂದ್ರೆ?"

ಇಷ್ಟು ದಿನ ಮನೆಮಂದಿಗೆಲ್ಲ ಪುಕ್ಕಟೆ ಹಂಚಿದ್ದ ಪ್ರಶ್ನೆ. ಅಷ್ಟರಲ್ಲಿ ಅತ್ತೆಯ ಕಾಲು ತುಸು ಜಾರಿದಂತೆ ಕಂಡಿತು. ಹಿಡಿದುಕೊಳ್ಳಲು ಧಾವಿಸಿದ. ಅದೇ ಹೊತ್ತಿಗೆ ದರ್ಜಿ ಇನ್ನೊಂದು ಮೆಟ್ಟಿಲು ಹಿಂದೆ ಸರಿದ. ಬಟ್ಟೆಯ ಗಂಟು ಬಿಚ್ಚಿತು. ಅತ್ತೆ ಕಂಬಿ ಹಿಡಿದು ಗಟ್ಟಿಯಾಗಿ ನಿಂತೇ ಇದ್ದರು. ಅಂಗಿ ಲಂಗಗಳ ಮೇಲೆ ಜಾರುತ್ತ ಹೆಂಡತಿಯ ಕಾಲಬುಡಕ್ಕೆ ಹೋಗಿ ಬಿದ್ದವನು ಸಂಶಯಪ್ಪ.

"ನೋಡಿದ್ರಾ," ಎಂದಳು ಹೆಂಡತಿ, ಅವನನ್ನು ಎಬ್ಬಿಸುತ್ತ. "ಮುಖ ಮುಂದೆ ಮಾಡ್ಕೊಂಡು ನಡೆದ್ರೆ ಹೀಗೇ ಆಗೋದು."

ಕುಂಟುತ್ತ ಕಚೇರಿಗೆ ಬಂದ. ಅಲ್ಲಿನ ಮೆಟ್ಟಿಲಲ್ಲಿ ಪುಟ ವಿನ್ಯಾಸ ಮಾಡುವ ಹುಡುಗಿ, ಕಾಫಿ ಲೋಟ ಹಿಡಿದು ಹಿಮ್ಮುಖವಾಗಿ ಏರುತ್ತಿದ್ದಳು. ಅವನು ಪಕ್ಕದಲ್ಲಿ ದಾಟಿ ಹೋಗುವಾಗ ಥಟ್ಟನೆ ತಿರುಗಿದಳು. ಕಾಫಿ ಅವನ ಅಂಗಿಗೆ ಬಂತು.

"ಸಾರಿ ಸರ್. ನಿನ್ನೆ ಆ ಜಾಗದಲ್ಲಿ 'ಅಆಇಈ' ಇರ್ಲಿಲ್ಲವಲ್ಲ, ಸುದ್ದಿ ಬಂದಿದೆ ಅಂತ ಅಚ್ಚಿಗೆ ಕಳಿಸ್ಬಿಟ್ಟೆ. ಬೆಳಿಗ್ಗೆಯಿಂದ ಫೋನ್ ನಿಂತೇ ಇಲ್ಲ. ಎಲ್ಲರಿಗೂ ಏನೇನೋ ನೆನಪಾಗ್ತಾ ಇದೆಯಂತೆ."

ಸುಮ್ಮನಿದ್ದರೆ ಅಂಕಣ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಮೆಟ್ಟಿಲಲ್ಲಿ ತೂಗಾಡುತ್ತಿದ್ದ ಅತ್ತೆ ಕಣ್ಮುಂದೆ ಬಂದರು. ಸಂಪಾದಕಿಯ ಕೋಣೆಗೆ ನುಗ್ಗಿ, ಕುಳಿತುಕೊಳ್ಳದೆಯೇ ಹೇಳಿಬಿಟ್ಟ: "ಮೇಡಂ, ಆ ಮೆಟ್ಟಿಲಿನ ಸುದ್ದಿ ನಾನೇ ಕಟ್ಟಿದ್ದು. ಅಂಥ ಸಂಶೋಧನೆ ಯಾರೂ ಮಾಡಿಲ್ಲ."

"ಯಾರೂ ಮಾಡಿಲ್ವಾ?" ಎಂದರು ಸಂಪಾದಕಿ. "ಹಾಗಾದ್ರೆ ಇವರು ಯಾರು?"

ಮೂಲೆಯ ಕುರ್ಚಿಯಲ್ಲಿ ಚೀಲವನ್ನು ಎದೆಗವಚಿಕೊಂಡು ಸಣಕಲು ಪ್ರಾಧ್ಯಾಪಕರೊಬ್ಬರು ಕುಳಿತಿದ್ದರು. ಎದ್ದು ಗಂಟಲು ಸರಿಮಾಡಿಕೊಂಡರು. "ಆ ಸಂಶೋಧನೆ ನನ್ನದು. ನೀವು ನನ್ನ ಹೆಸರೇ ಹಾಕಿಲ್ಲ."

"ನಿಮ್ಮದಾ? ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿದ್ರಿ? ಎಲ್ಲಿ ಪ್ರಕಟವಾಗಿದೆ?"

"ನಿಮ್ಮ ಪೇಪರ್‌ನಲ್ಲೇ," ಎಂದರು ಪ್ರಾಧ್ಯಾಪಕರು. "ಇವತ್ತು."

ಸಂಶಯಪ್ಪ ಸಂಪಾದಕಿಯ ಮುಖ ನೋಡಿದ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ನೋಡಿ," ಎಂದರು ಸಂಪಾದಕಿ. "ನೀವು ಹೇಳೋದು ನಿಜವಾದ್ರೆ ನಾವು ಓದುಗರ ಕ್ಷಮೆ ಕೇಳ್ಬೇಕು. ಇವರು ಹೇಳೋದು ನಿಜವಾದ್ರೆ ಒಂದು ಹೆಸರು ಸೇರ್ಸಿದ್ರೆ ಸಾಕು. ಯಾವುದು ಸುಲಭ, ನೀವೇ ಹೇಳಿ. ಆಮೇಲೆ ಆ ಅಂಕಣ... ಸುದ್ದಿ ಕಟ್ಟಿದೆ ಅಂತ ನೀವೇ ಹೇಳ್ಕೊಂಡಮೇಲೆ ನಿಮಗೆ ಹೇಗೆ ಕೊಡ್ಲಿ? ಇವರಿಗೇ ಕೊಡೋಣ ಅಂತಿದ್ದೀನಿ, ಫೋಟೋ ಸಮೇತ. ಭಾಷೆ ನೀವು ತಿದ್ದಿಕೊಡಿ."

ಹೊರಗಿನ ಓಣಿಯಲ್ಲಿ ಪ್ರಾಧ್ಯಾಪಕರು ಓಡಿಬಂದು ಅವನ ತೋಳು ಹಿಡಿದರು. "ಕೋಪ ಮಾಡ್ಕೋಬೇಡಿ. ಯೂನಿವರ್ಸಿಟಿಯ ದೊಡ್ಡವರು ನಮ್ಮ ವಿಭಾಗ ಮುಚ್ಚೋದ್ರಲ್ಲಿದ್ರು. ಬೆಳಿಗ್ಗೆ ಅವರೇ ಫೋನ್ ಮಾಡಿ, 'ಇದು ನಿಮ್ಮ ಕೆಲಸಾನೇನ್ರೀ?' ಅಂದ್ರು. ಎಷ್ಟೋ ವರ್ಷದ ಮೇಲೆ ಅವರ ದನಿಯಲ್ಲಿ ಸಂತೋಷ ಕೇಳಿದ್ದು. ಹೌದು ಅಂದ್ಬಿಟ್ಟೆ."

ಸಂಶಯಪ್ಪ ಬೈಯಲು ಬಾಯಿ ತೆರೆದ. ಅವರ ಅಂಗಿಯ ಗುಂಡಿಗಳು ಒಂದೊಂದು ಕಾಜ ತಪ್ಪಿ ಹಾಕಿದ್ದು ಕಂಡು ಬಾಯಿ ಮುಚ್ಚಿದ. ಅವಸರದಲ್ಲಿ ಬಂದಿದ್ದರು, ಪಾಪ.

ಪ್ರಾಧ್ಯಾಪಕರು ಆಚೀಚೆ ನೋಡಿ ದನಿ ತಗ್ಗಿಸಿದರು.

"ಅಂದ ಹಾಗೆ, ಮುಂದಿನ ವಾರ ನಾನು ಏನು ಕಂಡುಹಿಡೀಬೇಕು?"