ಮಾಮಾನ ಐದು ಗಂಟೆಯ ರೇಸು

ನರಗುಂದದಲ್ಲಿ ಎಪ್ಪತ್ತು ದಾಟಿದ ಹಿರಿಯರಿಗೆ ಬರವಿಲ್ಲ. ಸಂಜೆಯಾದರೆ ಕೆಲವರು ಗುಡ್ಡದ ಕಡೆ ಅಡ್ಡಾಡಲು ಹೋಗುತ್ತಾರೆ, ಕೆಲವರು ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂತು ಕಡಲೆಯ ಧಾರಣೆ ಮಾತಾಡುತ್ತಾರೆ. ಆದರೆ ಐದು ಹೊಡೆಯಿತೆಂದರೆ ಧೋತರದ ಚುಂಗು ಸೊಂಟಕ್ಕೆ ಸಿಗಿಸಿ ಮೋಟಾರು ರೇಸಿಗೆ ಇಳಿಯುವವರು ಇಡೀ ಊರಿಗೆ ಒಬ್ಬರೇ. ಅವರು ನನ್ನ ಸೋದರಮಾವ!

ಗಾಬರಿಯಾಗಬೇಡಿ. ರೇಸು ನಡೆಯುವುದು ಟಿವಿಯೊಳಗೆ. ಮಾಮಾ ಕೂಡುವುದು ನಡುಮನೆಯ ಕಂಬಳಿಯ ಮೇಲೆ. ಕೈಯಲ್ಲಿ ಗೇಮಿನ ಪೆಟ್ಟಿಗೆಯ ರಿಮೋಟು. ಹನ್ನೆರಡು ಕಾರು ಓಡುವ ರೇಸಿನಲ್ಲಿ ಮಾಮಾನದು ಖಾಯಂ ಹನ್ನೊಂದನೆಯ ನಂಬರು. ಹನ್ನೆರಡನೆಯದು ಅವರ ಗೆಳೆಯರದು. ಗೆಳೆಯರ ಕಾರನ್ನು ಹಿಂದೆ ಬಿಟ್ಟು ಮಾಮಾ ಎಂದೂ ದೂರ ಹೋದವರಲ್ಲ. ಹಿಂದೆ ನೋಡುತ್ತ ನೋಡುತ್ತ ಕಾರು ಓಡಿಸುವ ಆಟಗಾರ ಜಗತ್ತಿನಲ್ಲಿ ಇನ್ನೊಬ್ಬ ಇದ್ದರೆ ಹೇಳಿ, ಸನ್ಮಾನ ಮಾಡೋಣ!

ಆ ಗೆಳೆಯರನ್ನು ನಾವೆಲ್ಲ ಗಜೇಂದ್ರಗಡದ ಕಾಕಾ ಅನ್ನುತ್ತೇವೆ. ಇಬ್ಬರೂ ಕೆನಾಲಿನ ನೌಕರರು. ನೀರು ಬಿಡುವುದು, ನಿಲ್ಲಿಸುವುದು, ಯಾರ ಹೊಲಕ್ಕೆ ಯಾವಾಗ ಪಾಳಿ ಅಂತ ನೋಡುವುದು, ಇದೇ ಕೆಲಸದಲ್ಲಿ ಇಬ್ಬರ ಕೂದಲೂ ಬೆಳ್ಳಗಾದವು. ನಿವೃತ್ತಿಯಾದ ಮೇಲೆ ಕಾಕಾ ತಮ್ಮೂರು ಗಜೇಂದ್ರಗಡಕ್ಕೆ ಮಗಳ ಮನೆಗೆ ಹೋದರು. ಹೋದ ವರ್ಷ ಲಕ್ವಾ ಹೊಡೆಯಿತು. ಮಾತು ಹೋಯಿತು. ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಇರತೊಡಗಿತು. ದವಾಖಾನೆಯಲ್ಲಿ ಡಾಕ್ಟರು, "ಬೆರಳು ದಿನಾ ಆಡಿಸಬೇಕು, ಬಿಟ್ಟರೆ ಮುರುಟಿ ಹೋಗತಾವ" ಎಂದು ರಬ್ಬರಿನ ಚೆಂಡು ಕೊಟ್ಟರು. ಕಾಕಾ ಅದನ್ನು ಬೆಕ್ಕಿಗೆ ಕೊಟ್ಟರು! ಕೊನೆಗೆ ಮಗಳು ಮನೆಯಲ್ಲಿದ್ದ ಗೇಮಿನ ರಿಮೋಟು ಕೈಗಿಟ್ಟಳು. ಬಲಗೈ ತೋರುಬೆರಳು ಒತ್ತಿದರೆ ಕಾರು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಬ್ಬರೇ ಆಡಿರಿ ಎಂದರೆ ಎರಡು ನಿಮಿಷಕ್ಕೆ ಬೇಸರ. "ಅಬ್ಬಾಗ ಜೋಡಿ ಬೇಕ್ರಿ ಕಾಕಾ" ಎಂದು ಮಗಳು ತನ್ನ ಅಪ್ಪನ ಸಲುವಾಗಿ ಮಾಮಾನಿಗೆ ಫೋನಿನಲ್ಲಿ ಅಂದದ್ದೇ ತಡ (ಅವಳಿಗೆ ಮಾಮಾನೇ ಕಾಕಾ), ಮಾಮಾ ಎಲ್ಲಿಂದಲೋ ಒಂದು ಹಳೆಯ ಗೇಮಿನ ಪೆಟ್ಟಿಗೆ ಹುಡುಕಿ ತಂದೇಬಿಟ್ಟರು. ಅಂದಿನಿಂದ ದಿನಾ ಐದಕ್ಕೆ ಇಂಟರ್ನೆಟ್ಟಿನ ಮೂಲಕ ಇಬ್ಬರ ಜೋಡಿ ಆಟ, ಅರ್ಧ ತಾಸು ಕಾಕಾನ ಬೆರಳಿಗೆ ಕೆಲಸ.

ಇಂಥ ನೆಟ್ಟು ಒಂದು ದಿನ ನಿಂತಿತು. ಮಾಮಾನ ಫೋನು ರೋಣದಲ್ಲಿದ್ದ ನನಗೆ ಬಂತು.

"ಅಕ್ಕೋರ, ನೆಟ್ ಬರವಲ್ದು. ಎಲ್ಡ ದಿನ ಆತು."

ನಾನು ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಅದಕ್ಕೇ ಮಾಮಾ ನನ್ನನ್ನು ಅಕ್ಕೋರ ಎಂದು ಅಣಕಿಸುವುದು.

"ನಾ ಓದಿದ್ದು ಇತಿಹಾಸರಿ ಮಾಮಾ!"

"ಎಲ್ಡ ದಿನ ಹಿಂದಿಂದು ಅಂದಮ್ಯಾಲ ಇದೂ ಇತಿಹಾಸನ ಆತು. ನಾಳೆ ಐತವಾರ, ಬಾ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ನಮ್ಮೂರು ಲಕ್ಕಲಕಟ್ಟಿಯಲ್ಲಿ ಏಳನೇ ಕ್ಲಾಸು ಮುಗಿದಾಗ "ಸಾಕಿನ್ನ, ಕಳೇ ತಗ್ಯಾಕ ಬರಲಿ" ಎಂದವರ ನಡುವಿನಿಂದ ನನ್ನನ್ನು ಬಸ್ಸು ಹತ್ತಿಸಿ ನರಗುಂದಕ್ಕೆ ತಂದು ಓದಿಸಿದವರು ಮಾಮಾ. ನನ್ನ ಡಿಗ್ರಿ ಸರ್ಟಿಫಿಕೇಟಿನ ಝೆರಾಕ್ಸು ಅವರ ಪಡಸಾಲೆಯ ಗೋಡೆಯ ಮೇಲೆ ದೇವರ ಫೋಟೋಗಳ ಸಾಲಿನಲ್ಲಿದೆ. ಹಬ್ಬದ ದಿನ ಅದಕ್ಕೂ ಕುಂಕುಮ! ಆದರೆ ನಮ್ಮ ಮಂದಿಗೆ ಡಿಗ್ರಿ ಅಂದರೆ ಡಿಗ್ರಿ. ಮಿಕ್ಸರ್ ಕೆಟ್ಟರೆ ನನಗೆ ಫೋನು, ಎಮ್ಮೆ ಮೇವು ಬಿಟ್ಟರೆ ನನಗೆ ಫೋನು. ಚಾಲುಕ್ಯರ ಬಗ್ಗೆ ಮಾತ್ರ ಇವತ್ತಿನವರೆಗೆ ಒಬ್ಬರೂ ಫೋನು ಮಾಡಿ ಕೇಳಿಲ್ಲ!

ಮರುದಿನ ಮಧ್ಯಾಹ್ನ ನಾನು ಹೋದಾಗ ಮಾಮಾ ಪಡಸಾಲೆಯ ಮೂಲೆಯಲ್ಲಿ, ಮನೆಯೊಳಗೆ, ಛತ್ರಿ ಬಿಚ್ಚಿ ಹಿಡಿದು ಕೂತಿದ್ದರು. ಇನ್ನೊಂದು ಕೈಯಲ್ಲಿ ಫೋನು. ಛತ್ರಿಯ ಕೆಳಗೆ ನೆಟ್ಟಿನ ರೌಟರು. ಆ ಕಡೆ ನೆಟ್ಟಿನ ಕಂಪನಿಯ ಹೆಣ್ಣುಮಗಳು.

"ಆಫ್ ಮಾಡಿ ಆನ್ ಮಾಡಿದ್ರಾ ಸರ್?"

"ಆರಿಸೇನಿ, ಹಚ್ಚೇನಿ. ಬೆಳಗಿಂದ ಅದನ್ನ ಮಾಡಾಕ್ಹತ್ತೇನಿ."

"ಎಷ್ಟು ಲೈಟ್ ಕಾಣ್ತಿದೆ ಸರ್?"

"ತಡೀರಿ ತಂಗಿ, ಬಿಸಲಾಗ ಕಾಣವಲ್ವು, ಛತ್ರಿ ಹಿಡದೇನಿ. ಒಂದು, ಎಲ್ಡು... ನಿಮ್ದು ಯಾವೂರ್ರಿ?"

"ಹಾಸನ ಸರ್."

"ಹೌದ? ಈ ಸಲ ನೀರ ಹ್ಯಾಂಗ ಅದಾವ ನಿಮ್ಮ ಕಡೆ? ಊಟ ಆತೇನ್ರಿ?"

ಹತ್ತು ನಿಮಿಷ ನೀರಿನ ಮಾತಾಯಿತು. ಕೊನೆಗೆ ಆಕೆ ಇನ್ನೆರಡು ದಿನದಲ್ಲಿ ಆಳು ಕಳಿಸುತ್ತೇನೆಂದು ಫೋನು ಇಟ್ಟಳು. "ಭಾಳ ಚಲೋ ಹುಡುಗಿ" ಎಂದರು ಮಾಮಾ. ನೆಟ್ಟು ಬಂದಿರಲಿಲ್ಲ!

ಅತ್ತೆ ಚಹಾ ತಂದಿಟ್ಟು, "ಇವರ ಛತ್ರಿ ಸಲುವಾಗಿ ಮೂರ ದಿನದಿಂದ ನಾ ಬಿಸಲಾಗ ಅಂಗಡಿಗೆ ಹೊಂಟೇನಿ ನೋಡವ್ವಾ" ಎಂದು ಒಳಗೆ ಹೋದರು.

ನಾನು ನನ್ನ ಡಿಗ್ರಿಯ ಮರ್ಯಾದೆ ಕಾಯಬೇಕಲ್ಲ? ಕೆಲಸ ಶುರು ಮಾಡಿದೆ. ನನ್ನ ಫೋನಿನಲ್ಲಿ ಅದೇ ರೌಟರಿನ ವೈಫೈ ಚಲೋ ಬರುತ್ತಿತ್ತು. ಹಾಗಾದರೆ ರೌಟರು ಸರಿ ಇದೆ. ನಡುಮನೆಗೆ ಹೋಗಿ ಟಿವಿ ಹಚ್ಚಿದೆ. 'ವೈರು ಸೇರಿಲ್ಲ' ಎಂದು ಪೆಟ್ಟಿಗೆ ತೋರಿಸುತ್ತಿತ್ತು. ನಮ್ಮ ಕಡೆಯ ಮಣ್ಣಿನ ಗೋಡೆ ಎರಡು ಮೊಳ ದಪ್ಪ. ವೈಫೈ ಪಡಸಾಲೆಯಿಂದ ನಡುಮನೆಗೆ ದಾಟುವುದಿಲ್ಲವೆಂದೇ ಗೇಮಿನ ಪೆಟ್ಟಿಗೆಗೆ ರೌಟರಿನಿಂದ ಒಂದು ನೀಲಿ ವೈರು ಎಳೆದಿದ್ದರು. ವೈರನ್ನು ರೌಟರಿನ ಬೇರೆ ತೂತಿಗೆ ಹಾಕಿ ನೋಡೋಣವೆಂದು ರೌಟರು ಹಿಂದುಮುಂದು ಮಾಡಿದೆ. ಉಳಿದ ಮೂರೂ ತೂತಿನಲ್ಲಿ ಬೆಳ್ಳಗೆ ಏನೋ ತುರುಕಿತ್ತು. ಎಳೆದರೆ ಹತ್ತಿ!

"ಮಾಮಾ, ಇದೇನ್ರಿ?"

"ನಮ್ಮ ಹೊಲದ್ದ. ಉದ್ದ ಎಳೀದು ಹತ್ತಿ."

"ಯಾಕ ತುರುಕೀರಿ?"

"ತೂತ ತೆರದ ಬಿಟ್ರ ನೆಟ್ ಸೋರೂದಿಲ್ಲೇನ?" ಎಂದು ನನ್ನನ್ನು ನೋಡಿದರು. ಅಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬ ನೋಟ.

"ನಿನ್ನ ಪದ್ಧತಿ ಸಾಕು. ನನ್ನ ಪದ್ಧತಿಯಿಂದ ನೋಡೂಣು. ಬಾಲದಿಂದ ಬರಬೇಕು" ಎಂದು ಎದ್ದೇಬಿಟ್ಟರು.

ಬಾಲದಿಂದ ಬರುವುದು ಅಂದರೆ ನನಗೆ ಗೊತ್ತು. ಕೆನಾಲಿನಲ್ಲಿ ನೀರು ಕಡಿಮೆಯಾದರೆ ಹೊಸಬರು ಗೇಟಿನ ಕಡೆ ಓಡುತ್ತಿದ್ದರು. ಮಾಮಾ, ಕಾಕಾ ಓಡುತ್ತಿರಲಿಲ್ಲ. ನೀರು ಮುಟ್ಟದ ಕಟ್ಟಕಡೆಯ ಹೊಲಕ್ಕೆ ಹೋಗಿ ಅಲ್ಲಿಂದ ಹಿಂದಕ್ಕೆ ನೋಡುತ್ತ ಬರುತ್ತಿದ್ದರು. ಎಲ್ಲಿ ಒಣಗಿದ್ದು ಮುಗಿದು ಹಸಿ ಶುರುವಾಗುತ್ತದೋ ಅಲ್ಲೇ ಕಳ್ಳ! ರಜೆಯ ದಿನ ನಾನೂ ಜೊತೆಗೆ. ಮಾಮಾನ ಸೈಕಲ್ಲಿನ ನಡುಗಂಬಿಯ ಮೇಲೆ ನಾನು, ಕಾಕಾನ ಹ್ಯಾಂಡಲ್ಲಿಗೆ ರೊಟ್ಟಿಯ ಗಂಟು. ಆಗ ಮಾತೆಲ್ಲ ಕಾಕಾನದು. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಹೋಗುವುದರೊಳಗೆ ಒಂದು ಸುಳ್ಳು, ಅದನ್ನು ಮುಚ್ಚಲು ಎರಡು ಸುಳ್ಳು. "ಇದ ಕೆನಾಲದಾಗ ಮೊಸಳಿ ಜೋಡಿ ಈಸೇನವಾ ನಾ, ಕೇಳ ನಿಮ್ಮ ಮಾಮಾನ್ನ" ಅನ್ನುತ್ತಿದ್ದರು. ಮಾಮಾ ಬರೀ "ಹೂಂ" ಅನ್ನುವರು. ಬೇಲಿಯ ನೆರಳಲ್ಲಿ ಕೂತು ರೊಟ್ಟಿ, ಪುಂಡಿಪಲ್ಲೆ ತಿಂದು, ಕೆನಾಲಿನ ನೀರಲ್ಲಿ ಕೈ ತೊಳೆದರೆ ಮೊಳಕೈವರೆಗೆ ತಂಪು. ಅಂಥ ಊಟ ನಾನು ಮತ್ತೆ ಮಾಡಿಲ್ಲ. ಈಗ ನೋಡಿದರೆ ಐದಕ್ಕೆ ಫೋನು ಪಕ್ಕದಲ್ಲಿಟ್ಟುಕೊಂಡು ಮಾಮಾ ಒಬ್ಬರೇ ಇಬ್ಬರ ಮಾತೂ ಆಡುತ್ತಾರೆ. ಸುಳ್ಳನ್ನೂ ಅವರೇ ಹೇಳಬೇಕು, ಹೂಂ ಅಂತಲೂ ಅವರೇ ಅನ್ನಬೇಕು!

ಸರಿ, ಮೆರವಣಿಗೆ ಹೊರಟಿತು. ಟಿವಿಯ ಹಿಂದಿನಿಂದ ಶುರು. ಮಾಮಾ ವೈರನ್ನು ಎರಡು ಬೆರಳಿನ ನಡುವೆ ಹಿಡಿದು ಸವರುತ್ತ ಬಂದರು. ಕಿಟಕಿ ದಾಟಿತು, ಬಾಗಿಲ ಚೌಕಟ್ಟಿನ ಮೇಲೆ ಏರಿತು, ಕ್ಯಾಲೆಂಡರಿನ ಮೊಳೆ ಬಳಸಿತು. ಇಲಿ ಕಡಿದಿಲ್ಲ, ಎಲ್ಲೂ ಮಡಚಿಲ್ಲ. ಪಡಸಾಲೆಯ ರೌಟರಿನ ಹತ್ತಿರ ಬಂದು ನಿಂತೆವು. ವೈರಿನ ತುದಿಯನ್ನು ನಾನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ರೌಟರಿನ ಮೇಲೆ ಹಸಿರು ದೀಪ ಹತ್ತಿತು! ಬಿಟ್ಟೆ. ಆರಿತು. ವೈರಿನ ತುದಿಗೆ ಒಂದು ಸಣ್ಣ ಪ್ಲಾಸ್ಟಿಕ್ಕಿನ ನಾಲಿಗೆ ಇರುತ್ತದಲ್ಲ, ತೂತಿನೊಳಗೆ ಕಟಕ್ಕೆಂದು ಕಚ್ಚಿಕೊಳ್ಳುವಂಥದ್ದು, ಅದು ಮುರಿದು ಹೋಗಿತ್ತು.

"ಮಾಮಾ, ಇದಕ್ಕ ಯಾರ ಕೈ ಹಚ್ಚ್ಯಾರ್ರಿ?"

"ಯಾರೂ ಇಲ್ಲ."

"ಖರೇ ಹೇಳ್ರಿ."

"ಖರೇನ. ದಿನಾ ಆಟ ಮುಗದಮ್ಯಾಲ ಬಂದ್ ಮಾಡ್ತೀನಿ, ಮರುದಿನ ಐದಕ್ಕ ತಗೀತೀನಿ. ಅಷ್ಟ."

ಅಷ್ಟೇ ಅಂತೆ! ನಾಲ್ಕು ತಿಂಗಳು, ದಿನಾ, ವೈರು ಕಿತ್ತಿಟ್ಟು ಮತ್ತೆ ಚುಚ್ಚಿದ್ದಾರೆ! ಯಾಕೆ ಅಂದರೆ, "ಪಾಳಿ ಮುಗದಮ್ಯಾಲ ಗೇಟ ತೆರದ ಬಿಡತಾರೇನ? ನಿಮ್ಮ ಅತ್ತಿ ಫೋನಿಗೆ ಜೋರ ಹರೀಬೇಕಂದ್ರ ಈ ಕಡೆ ಮುಚ್ಚಬೇಕು." ಮೂವತ್ತೈದು ವರ್ಷ ನೀರಿಗೆ ಬಾಗಿಲು ಹಾಕಿದ ಕೈ. ನೆಟ್ಟು ಅಂದರೂ ಬಿಟ್ಟೀತೇ?

ನಾನು ನಗುತ್ತಿದ್ದೆ. ಮಾಮಾ ನಗಲಿಲ್ಲ. ವೈರಿನ ತುದಿಯನ್ನೇ ನೋಡುತ್ತ, "ಹಂಗಾರ ಮೂರ ದಿನ ದೋಸ್ತನ ಕೈ ನಾನ ನಿಲ್ಲಿಸಿದಂಗಾತು" ಎಂದರು.

ಹೊಸ ವೈರು ಹಾಕುವ ಅಂಗಡಿಯವನಿಗೆ ಫೋನು ಮಾಡಿದರೆ ನಾಳೆ ಬರುತ್ತೇನೆಂದ. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಮಾಮಾ ಅಡುಗೆಮನೆಯಿಂದ ಎರಡು ಬೆಂಕಿಕಡ್ಡಿ ತಂದರು. ತಲೆ ಮುರಿದು, ತೂತಿಗೂ ವೈರಿಗೂ ನಡುವೆ ಬೆಣೆ ಜಡಿದರು. ಹಸಿರು ದೀಪ ಹತ್ತಿತು. ಕೈ ಬಿಟ್ಟರೂ ಆರಲಿಲ್ಲ! ನನ್ನ ಬಿ.ಎ. ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತಿತ್ತು.

ಗಜೇಂದ್ರಗಡಕ್ಕೆ ಫೋನು ಹಚ್ಚಿದೆವು.

"ಕಾಕಾ, ಅಬ್ಬಾ ರಿಮೋಟ ಹಿಡೀವಲ್ರು" ಎಂದಳು ಮಗಳು. "ಮೂರ ದಿನ ದಾರಿ ನೋಡಿ ನೋಡಿ ಸಿಟ್ಟಿಗೆದ್ದಾರ. ಬೆರಳ ಮತ್ತ ಬಿಗದಾವ್ರಿ."

"ಫೋನ ಅವನ ಕಿವಿಗೆ ಹಿಡಿಯವ್ವಾ" ಎಂದರು ಮಾಮಾ. ಆಮೇಲೆ ದನಿ ಸಣ್ಣದು ಮಾಡಿ, "ಲೇ ದೋಸ್ತ, ತಪ್ಪ ನಂದ. ಗೇಟ ನಾನ ಮುರದಿದ್ದೆ. ಬಾ."

ತಪ್ಪು ನಂದು ಎಂಬ ಮಾತು ಆ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆಯೂ ಅಡುಗೆಮನೆಯಿಂದ ಹೊರಗೆ ಬಂದು ನೋಡಿದರು.

ರೇಸು ಶುರುವಾಯಿತು. ಹತ್ತು ಕಾರು ಭರ್ರನೆ ಹೋದವು. ಎರಡು ನಿಂತೇ ಇದ್ದವು. ಒಂದು ನಿಮಿಷ ಆಯಿತು. ಮಾಮಾ ಬೆರಳು ಅಲುಗಿಸಲಿಲ್ಲ. ಫೋನಿನಲ್ಲಿ ಮಗಳ ದನಿ ಮಾತ್ರ, "ಒತ್ರಿ ಅಬ್ಬಾ, ಒತ್ರಿ."

ಕಾಕಾನ ಕಾರು ಒಂದಿಷ್ಟು ಮಿಸುಕಿತು. ನಿಂತಿತು. ಮತ್ತೆ ಮಿಸುಕಿತು. ಆಮೇಲೆ ಒಮ್ಮೆಲೇ ನುಗ್ಗಿ ಮಾಮಾನ ಕಾರನ್ನು ಬದಿಗೆ ತಳ್ಳಿ ಮುಂದಕ್ಕೆ ಹೋಯಿತು. ಹೋಯಿತು ಅಂದರೆ ಹೋಯಿತು! ತಿರುವಿನಲ್ಲಿ ಕಣ್ಣಿಗೆ ಕಾಣದಾಯಿತು. ಫೋನಿನಿಂದ ಗಂಟಲಲ್ಲೇ ಹುಟ್ಟಿದ ಒಂದು ದೊಡ್ಡ ಸದ್ದು ಬಂತು. ಮಾತಲ್ಲ. ಆದರೆ ಕಾಕಾನ ನಗೆ ಗೊತ್ತಿದ್ದವರಿಗೆ ಅದು ಏನೆಂದು ಹೇಳಬೇಕಾಗಿಲ್ಲ.

ರೇಸು ಮುಗಿಯಿತು. ಹನ್ನೊಂದನೆಯ ನಂಬರು ಕಾಕಾ, ಹನ್ನೆರಡು ಮಾಮಾ. ಇನ್ನೊಂದು ಆಟ ಆಡುತ್ತೀರಾ ಎಂದು ಟಿವಿ ಕೇಳುತ್ತಿತ್ತು. ಮಾಮಾ ರಿಮೋಟು ನನ್ನ ಕೈಗೆ ಕೊಟ್ಟರು.

"ಹೌದ ಅಂತ ನೀ ಒತ್ತವ್ವಾ. ನನಗ ಕಾಣವಲ್ದು."

ಚಾಳೀಸಿನ ಕನ್ನಡಕ ಮೂಗಿನ ಮೇಲೇ ಇತ್ತು. ನಾನು ಒತ್ತಿದೆ.