ಲಾಯದ ಬಾಗಿಲಿನ ನೂರಿಪ್ಪತ್ತೇಳು ಗೆರೆಗಳು

ಸಭಾಭವನ ಉಸ್ತುವಾರಿ ಕಚೇರಿ, ಫಿಲಡೆಲ್ಫಿಯಾ
ಸಂಖ್ಯೆ: ಸ.ಉ.ಕ./ಲಾಯ/ಬಾಗಿಲು/127/1787
ದಿನಾಂಕ: 18ನೇ ಸೆಪ್ಟೆಂಬರ್ 1787

ಸುತ್ತೋಲೆ

ವಿಷಯ: ಕುದುರೆ ಲಾಯದ ಬಾಗಿಲ ಮೇಲೆ ದಿನಕ್ಕೊಂದರಂತೆ ಎಳೆಯಲಾದ ಸೀಮೆಸುಣ್ಣದ ಗೆರೆಗಳನ್ನು ಅಳಿಸುವ ಬಗ್ಗೆ; ಅಳಿಸುವ ಮುನ್ನ ಸಂವಿಧಾನಬದ್ಧವಾಗಿ ಎಣಿಸುವ ಬಗ್ಗೆ.

ಉಲ್ಲೇಖ:
(ಅ) ಕಿಟಕಿಗಳನ್ನು ಮುಚ್ಚಿಡುವಂತೆ ಮೇ ತಿಂಗಳಲ್ಲಿ ಹೊರಡಿಸಿದ ಆದೇಶ.
(ಆ) ಉಸಿರು ಕಟ್ಟುತ್ತಿದೆ, ತೆರೆಯಿರಿ ಎಂದು ಬಂದ ನಲವತ್ತೊಂದು ಮನವಿಗಳು (ತಿರಸ್ಕೃತ).
(ಇ) ಕಸ ಗುಡಿಸುವ ಡೋರ್ಕಾಸ್ ಫ್ರಿಸ್ಬಿ ಎಂಬಾಕೆಯ ಮೌಖಿಕ ಹೇಳಿಕೆ.

ಹೊಸ ಗಣರಾಜ್ಯಕ್ಕೆ ಸಂವಿಧಾನ ಬರೆಯಲು ಮಾನ್ಯ ಪ್ರತಿನಿಧಿಗಳು ಈ ಬೇಸಿಗೆಯಿಡೀ ನಮ್ಮ ಭವನದಲ್ಲಿ ಕುಳಿತು, ನಿನ್ನೆ ಸಹಿ ಹಾಕಿ ಎದ್ದಿದ್ದಾರೆ. ಒಳಗಿನ ಮಾತು ಹೊರಗೆ ಹೋಗಬಾರದೆಂದು ಕಿಟಕಿಗಳನ್ನು ಮುಚ್ಚಲಾಗಿತ್ತು. ಸ್ವಾತಂತ್ರ್ಯಕ್ಕಾಗಿ ಇಷ್ಟೊಂದು ಬೆವರು ಹರಿಸಿದವರು ಬೇರೆಲ್ಲೂ ಇರಲಾರರೆಂದು ದಾಖಲಿಸಲು ಈ ಕಚೇರಿಗೆ ಹೆಮ್ಮೆಯೆನಿಸುತ್ತದೆ. ನೊಣಗಳು ಮಾತ್ರ ಅನುಮತಿಯಿಲ್ಲದೆ ಒಳಗೆ ಬಂದು ಕಲಾಪವನ್ನು ಪೂರ್ತಿ ಆಲಿಸಿವೆ. ಅವು ಎಲ್ಲೂ ಬಾಯಿ ಬಿಟ್ಟ ವರದಿಯಿಲ್ಲ.

ಈ ನಡುವೆ ಲಾಯದ ಬಾಗಿಲಿನ ಒಳಮೈಯಲ್ಲಿ ನೂರಿಪ್ಪತ್ತೇಳು ಗೆರೆಗಳು ಪತ್ತೆಯಾಗಿವೆ. ಯಾರೋ ಗುಟ್ಟಿನ ಮತದಾನವನ್ನು ಗುರುತು ಹಾಕಿಕೊಳ್ಳುತ್ತಿದ್ದಾರೆಂದು ಶಂಕಿಸಿ ತನಿಖೆ ನಡೆಸಲಾಯಿತು. ತನಿಖೆಯಲ್ಲಿ ಅದಕ್ಕಿಂತ ಕೆಟ್ಟದ್ದು ಹೊರಬಂದಿದೆ: ಅವು ದಿನಗಳು.

ದಕ್ಷಿಣದ ಒಬ್ಬ ಮಾನ್ಯ ಪ್ರತಿನಿಧಿಗಳು ಮೇ ಹದಿನಾಲ್ಕರಂದು ತಮ್ಮೊಡನೆ ಮಿಂಗೊ ಎಂಬ ಸಾರೋಟು ಹೊಡೆಯುವವನನ್ನು ಕರೆತಂದಿದ್ದರು. ಈತ ಅವರ ಸೊತ್ತು. ನಮ್ಮ ಪೆನ್ಸಿಲ್ವೇನಿಯಾ ರಾಜ್ಯದ ಕಾಯಿದೆಯಂತೆ, ಹೀಗೆ ಹೊರಗಿನಿಂದ ತಂದವನನ್ನು ಆರು ತಿಂಗಳು ಇಲ್ಲೇ ಇರಿಸಿಕೊಂಡರೆ ಅವನು ಸ್ವತಂತ್ರನಾಗುತ್ತಾನೆ. ಗೆರೆ ಎಳೆಯುತ್ತಿದ್ದವಳು ಡೋರ್ಕಾಸ್. ಏಕೆಂದು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರವನ್ನು ಇದ್ದಂತೆಯೇ ಬರೆದುಕೊಳ್ಳಲಾಗಿದೆ: "ಅವನು ನನ್ ತಮ್ಮ ಸ್ವಾಮಿ. ಒಂಬತ್ತು ವರ್ಷದೋನಿದ್ದಾಗ ಇದೇ ಊರಿಂದ ಮಾರ್ಬಿಟ್ರು. ಹತ್ತೊಂಬತ್ತು ವರ್ಷ ಆದ್ಮೇಲೆ ಈಗ ಸಿಕ್ಕವ್ನೆ. ಇನ್ನು ಎರಡು ತಿಂಗಳು ಇಲ್ಲೇ ಇದ್ರೆ ಸಾಕು."

ಮಾನ್ಯ ಪ್ರತಿನಿಧಿಗಳು ನಾಳೆ ಬೆಳಿಗ್ಗೆ ಊರಿಗೆ ಹೊರಡಲಿದ್ದಾರೆ. ಆದ್ದರಿಂದ ಎಲ್ಲ ಸಿಬ್ಬಂದಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಭವನಕ್ಕೆ ಸೇರಿದ ಬಾಗಿಲು, ಗೋಡೆ ಅಥವಾ ಕುದುರೆಯ ಮೇಲೆ ಯಾರೂ ದಿನಗಳನ್ನು ಎಣಿಸತಕ್ಕದ್ದಲ್ಲ. ದಿನಗಳು ತಮ್ಮಷ್ಟಕ್ಕೆ ತಾವು ಕಳೆಯುತ್ತವೆ. ಅವಕ್ಕೆ ಸಿಬ್ಬಂದಿಯ ನೆರವು ಬೇಕಾಗಿಲ್ಲ.

2. ನಿನ್ನೆ ಸಹಿಯಾದ ದಾಖಲೆಯಲ್ಲಿ 'ಗುಲಾಮ' ಎಂಬ ಪದ ಎಲ್ಲಿಯೂ ಇಲ್ಲ. ಅಂಥವರನ್ನು 'ಇತರ ವ್ಯಕ್ತಿಗಳು' ಎಂದು ಬಹಳ ನಾಜೂಕಾಗಿ ಕರೆಯಲಾಗಿದೆ. ಪದವೇ ಇಲ್ಲದ ಮೇಲೆ ಅದರಿಂದ ಬಿಡುಗಡೆಯ ಮಾತೂ ಏಳುವುದಿಲ್ಲ. ಇನ್ನು ಮುಂದೆ ಸಿಬ್ಬಂದಿಯೂ ಇದೇ ಪದವನ್ನು ಬಳಸತಕ್ಕದ್ದು. 'ಇತರ ವ್ಯಕ್ತಿ, ಕುದುರೆ ಕಟ್ಟು' ಎಂದು ಕೂಗುವುದು ಸೂಕ್ತ.

3. ದಾಖಲೆಯ ಮೊದಲ ಸಾಲಿನಲ್ಲಿ 'ನಾವು, ಜನರು' ಎಂದು ದಪ್ಪಕ್ಷರದಲ್ಲಿ ಬರೆದಿರುವುದನ್ನು ಕೇಳಿ, ನಿನ್ನೆ ಸಂಜೆಯಿಂದ ಹಲವರು ಗೇಟಿನ ಬಳಿ ಬಂದು 'ಹಾಗಾದರೆ ನಾವೂ ಅದರಲ್ಲಿ ಇದ್ದೇವಾ?' ಎಂದು ವಿಚಾರಿಸುತ್ತಿದ್ದಾರೆ. 'ನಾವು' ಎಂಬಲ್ಲಿ 'ನೀವು' ಸೇರಿಲ್ಲವೆಂದು ದ್ವಾರಪಾಲಕರು ಅವರಿಗೆ ತಿಳಿಹೇಳಿ ಕಳುಹಿಸತಕ್ಕದ್ದು. ಹೆಂಗಸರು ಕೇಳಿದರೆ ಇದನ್ನೇ ಟೋಪಿ ತೆಗೆದು ಹೇಳತಕ್ಕದ್ದು.

4. ನಾಗರಿಕರ ಹಕ್ಕುಗಳ ಪಟ್ಟಿ ಎಲ್ಲಿದೆಯೆಂದು ಕೆಲವರು ಕೇಳಿದ್ದಾರೆ. ಅಂಥದ್ದೊಂದು ಇರಲಿ ಎಂಬ ಸಲಹೆ ಕಡೆಯ ವಾರದಲ್ಲಿ ಬಂದಿತ್ತೆಂದೂ, ಎಲ್ಲರಿಗೂ ಮನೆಗೆ ಹೊರಡುವ ಅವಸರವಿದ್ದುದರಿಂದ ಬಿದ್ದುಹೋಯಿತೆಂದೂ ನೊಣಗಳಿಂದ ತಿಳಿದುಬಂದಿದೆ. ಪಟ್ಟಿಯನ್ನು ಮುಂದೆ ಸೇರಿಸಬಹುದು. ಅಲ್ಲಿಯವರೆಗೆ ಇರುವ ಹಕ್ಕುಗಳನ್ನು ಸಾರ್ವಜನಿಕರು ನೋಡಿಕೊಂಡು, ಕೈ ಬಿಗಿಹಿಡಿದು ಬಳಸತಕ್ಕದ್ದು.

5. ಗೆರೆಗಳ ಎಣಿಕೆ: ರಾಜ್ಯವೊಂದಕ್ಕೆ ಎಷ್ಟು ಪ್ರತಿನಿಧಿಗಳೆಂದು ಗೊತ್ತುಮಾಡುವಾಗ, ಮಿಂಗೊನಂತಹ ಐವರನ್ನು ಮೂವರೆಂದು ಎಣಿಸಬೇಕೆಂದು ಸಂವಿಧಾನ ಹೇಳುತ್ತದೆ. ಆ ಐವರಿಗೂ ಮತವಿಲ್ಲ. ಮೂವರ ಲೆಕ್ಕದಲ್ಲಿ ಬರುವ ಸ್ಥಾನಗಳು ಅವರ ಯಜಮಾನರಿಗೆ. ಮನುಷ್ಯನೇ ಐದರಲ್ಲಿ ಮೂರು ಪಾಲಾದ ಮೇಲೆ ಅವನು ಕಳೆದ ದಿನಗಳು ಪೂರ್ತಿ ಆಗುವುದಾದರೂ ಹೇಗೆ? ಆದ್ದರಿಂದ ನೂರಿಪ್ಪತ್ತೇಳು ಗೆರೆಗಳನ್ನು ಎಪ್ಪತ್ತಾರು ಗೆರೆ ಮತ್ತು ಒಂದು ಗೆರೆಯ ಐದನೇ ಒಂದು ಪಾಲು ಎಂದು ಓದಿಕೊಳ್ಳತಕ್ಕದ್ದು. ಆ ತುಂಡು ಗೆರೆಯನ್ನು ಬಡಗಿ ಅಳತೆಗೋಲು ಹಿಡಿದು ಗುರುತಿಸತಕ್ಕದ್ದು. ಈ ಪ್ರಕಾರ ಆರು ತಿಂಗಳು ತುಂಬಲು ಮುಂದಿನ ಮಾರ್ಚ್ ಬರಬೇಕು.

6. ಕುದುರೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕುದುರೆಗಳನ್ನು ಇಡಿಯಾಗಿಯೇ ಎಣಿಸಲಾಗುತ್ತದೆ.

7. ಎಣಿಕೆ ಮುಗಿದ ಕೂಡಲೇ ಎಲ್ಲ ಗೆರೆಗಳನ್ನೂ ಒದ್ದೆ ಬಟ್ಟೆಯಿಂದ ಅಳಿಸತಕ್ಕದ್ದು. ಒರೆಸುವ ಕೆಲಸ ಡೋರ್ಕಾಸ್‌ಳದೇ ಆಗಿರುವುದರಿಂದ ಆಕೆಯೇ ಅಳಿಸತಕ್ಕದ್ದು. ಅಳಿಸುವಾಗ ಕಣ್ಣೀರು ಬಳಸಕೂಡದು; ಉಪ್ಪುನೀರಿಗೆ ಬಾಗಿಲಿನ ಬಣ್ಣ ಕೆಡುತ್ತದೆ.

ಸೇರ್ಪಡೆ (19ನೇ ಸೆಪ್ಟೆಂಬರ್, ಬೆಳಿಗ್ಗೆ ಹತ್ತು ಗಂಟೆ)

8. ಕಲಮು 7ರಂತೆ ಡೋರ್ಕಾಸ್ ನಿನ್ನೆ ಸಂಜೆ ಬಾಗಿಲನ್ನು ಚೆನ್ನಾಗಿ ಒರೆಸಿರುತ್ತಾಳೆ. ಇಂದು ಬೆಳಿಗ್ಗೆ ಮಾನ್ಯ ಪ್ರತಿನಿಧಿಗಳು ಸಾರೋಟಿನಲ್ಲಿ ಕುಳಿತು ಬಹಳ ಹೊತ್ತು ಕಾದರೂ ಸಾರೋಟು ಅಲುಗಲಿಲ್ಲ. ಕುದುರೆಗಳು ಇದ್ದವು, ಚಾಟಿ ಇತ್ತು, ಮಿಂಗೊ ಇರಲಿಲ್ಲ.

9. ಪರಾರಿಯಾದವನನ್ನು ಹಿಡಿದು ಒಪ್ಪಿಸಬೇಕೆಂದು ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆದಿದೆ. ಅದನ್ನು ಬರೆಯುವಾಗ ಮಾತ್ರ ಯಾರಿಗೂ ಮನೆಗೆ ಹೊರಡುವ ಅವಸರವಿರಲಿಲ್ಲ. ಆದರೆ ಆ ಸಂವಿಧಾನಕ್ಕೆ ರಾಜ್ಯಗಳ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಇದನ್ನು ಮಾನ್ಯ ಪ್ರತಿನಿಧಿಗಳಿಗೆ ವಿನಯದಿಂದ ತಿಳಿಸಲಾಯಿತು. ಅವರು ಆಡಿದ ಮಾತುಗಳನ್ನು, ಕಲಾಪದ ಗುಟ್ಟು ಕಾಯುವ ದೃಷ್ಟಿಯಿಂದ, ಇಲ್ಲಿ ಬರೆದಿಲ್ಲ.

10. ತಮ್ಮ ಎಲ್ಲಿದ್ದಾನೆಂದು ಡೋರ್ಕಾಸ್‌ಳನ್ನು ವಿಚಾರಿಸಲಾಗಿ, ಆಕೆ ಪೊರಕೆ ಕೆಳಗಿಡದೆ ಕೊಟ್ಟ ಉತ್ತರ: "ಐದರಲ್ಲಿ ಮೂರು ಪಾಲು ನಿಮ್ ಲೆಕ್ಕದಾಗೈತಲ್ಲ ಸ್ವಾಮಿ, ಅದನ್ನ ನೀವು ಹುಡುಕ್ಕಳಿ. ಉಳಿದ ಎರಡು ಪಾಲು ನಂದು. ಅದೆಲ್ಲೈತೆ ಅಂತ ನಾನು ಹೇಳಾಕಿಲ್ಲ."

11. ಈ ಉತ್ತರವನ್ನು ಕಲಮು 5ರೊಂದಿಗೆ ಹೋಲಿಸಿ ನೋಡಲಾಗಿ, ಎಣಿಕೆಯಲ್ಲಿ ತಪ್ಪು ಕಂಡುಬಂದಿರುವುದಿಲ್ಲ. ಕಡತವನ್ನು ಮುಚ್ಚಲಾಗಿದೆ.

(ಸಹಿ)
ಥಡಿಯಸ್ ಕ್ರಂಪ್
ಸಭಾಭವನದ ಮೇಲ್ವಿಚಾರಕರು

ಪ್ರತಿಗಳು:
1. ದ್ವಾರಪಾಲಕರಿಗೆ, 'ನಾವು' ಮತ್ತು 'ನೀವು' ಬಾಯಿಪಾಠಕ್ಕಾಗಿ.
2. ಬಡಗಿಗೆ, ಅಳತೆಗೋಲಿನೊಂದಿಗೆ.
3. ದಕ್ಷಿಣದ ಮಾನ್ಯ ಪ್ರತಿನಿಧಿಗಳಿಗೆ, ಸಾರೋಟನ್ನು ತಾವೇ ಹೊಡೆದುಕೊಂಡು ಹೋಗುತ್ತಿರುವುದರಿಂದ, ದಾರಿಯಲ್ಲಿ ಸಿಕ್ಕಿದಲ್ಲಿ.
4. ನೊಣಗಳಿಗೆ, ಮಾಹಿತಿಗಾಗಿ.
5. ಲಾಯದ ಬಾಗಿಲಿಗೆ, ಅಂಟಿಸಲು. (ಷರಾ: ಒರೆಸಿದ ಬಾಗಿಲ ಮೇಲೆ ಈ ಬೆಳಿಗ್ಗೆ ಒಂದೇ ಒಂದು ಹೊಸ ಗೆರೆ ಇತ್ತು. ಅದು ನೂರಿಪ್ಪತ್ತೆಂಟನೆಯದಲ್ಲ, ಮೊದಲನೆಯದು. ಅಳಿಸಲು ಈ ಕಚೇರಿಗೆ ಮನಸ್ಸಾಗಲಿಲ್ಲ. ಪ್ರತಿಯನ್ನು ಪಕ್ಕದಲ್ಲಿ ಅಂಟಿಸಲಾಗಿದೆ.)